ಕುರ್ಚಿ, ಚಾಯ, ಏಲಂ ಕೋಳಿ

ನನ್ನ ಮೀಸೆಯಾಣೆ, ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಬಂದ್ಯೋಡಿನಿಂದ ಹೊಸಂಗಡಿವರೆಗೆ ಕೋಳಿ ಕಾದಿಸುವ ಅಂಕದಲ್ಲಿ ನನ್ನಷ್ಟು ಹೆಸರು ಮಾಡಿದವ ಇಲ್ಲ. ಪೊಲೀಸರಿಗೂ ಗೊತ್ತುಂಟು. ಹಾಗಾಗಿ ಇಂಥದ್ದೆಲ್ಲ ನನಗೇ ಆಗ್ತಾ ಇರ್ತದೆ.

೧. ಒಂದೇ ಕುರ್ಚಿ

ಕಳೆದ ವರ್ಷ ಅಂಕದ ಮೇಲೆ ಪೊಲೀಸರು ಬಿದ್ದರು. ನಾನೂ ನನ್ನ ದೋಸ್ತಿಯೂ ಒಟ್ಟಿಗೇ ಸಿಕ್ಕಿದೆವು. ಮೀಸೆ ಬರುವ ಮೊದಲಿನ ದೋಸ್ತಿ. ಅವನು ತೆಂಗಿನಮರ ಹತ್ತುವವ, ಕಪ್ಪು ಮೈ, ಹೆಗಲಲ್ಲಿ ಹರಕು ಬೈರಾಸು. ನಂದು ಇಸ್ತ್ರಿ ಹಾಕಿದ ಬಿಳಿ ಮುಂಡು, ದುಬಾಯಿ ವಾಚು. ಎಸ್ಸೈ ನನಗೆ ಕುರ್ಚಿ ಕೊಟ್ಟು ಚಾಯ ತರಿಸಿದ. ಅವನನ್ನು ನೆಲದಲ್ಲಿ ಕೂರಿಸಿದ.

ಹೊರಗೆ ಬಂದು ನಾನು, "ನೋಡಿದಿಯಾ ನನ್ನ ಮರ್ಯಾದೆ?" ಅಂದೆ.

"ಚಾಯ ಕುಡಿದಿಯಲ್ಲ?"

"ಕುಡಿದೆ. ಸಕ್ಕರೆ ಕಮ್ಮಿ ಇತ್ತು."

ಅವತ್ತಿಂದ ನನ್ನೊಟ್ಟಿಗೆ ಮಾತಿಲ್ಲ. ಸಕ್ಕರೆ ಕಮ್ಮಿ ಮಾಡಿದ್ದು ನಾನಾ?

೨. ಸೀದಾ ಕಾಲೇಜಿಗೆ

ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವ. ಆದ್ರೂ ಕಳೆದ ತಿಂಗಳು ಕಾಸರಗೋಡಿನ ಒಂದು ಕಾಲೇಜಲ್ಲಿ ಪಾಠ ಮಾಡಿದೆ. ನೆರೆಮನೆಯ ಹುಡುಗಿ ಅಲ್ಲಿ ಟೀಚರ್.

"ಅಜ್ಜ, ಅಪರಾಧ, ಪೊಲೀಸು, ಬಡವ, ಜಾತಿ, ಬಣ್ಣ, ಇದೇ ಪಾಠ ನಡೀತಾ ಉಂಟು. ನಿಮ್ಮ ಸ್ಟೇಷನ್ ಕಥೆ ಹೇಳಿ."

ಹೇಳಿದೆ. ಒಬ್ಬಳು ಎದ್ದು ನಿಂತಳು. "ಇಬ್ಬರದ್ದೂ ಒಂದೇ ಕೇಸು. ನಿಮಗೆ ಮಾತ್ರ ಕುರ್ಚಿ ಯಾಕಜ್ಜ?"

"ಸ್ಟೇಷನ್ನಲ್ಲಿ ಕುರ್ಚಿ ಕಮ್ಮಿ ಮಗಾ."

ಅಷ್ಟರಲ್ಲಿ ಪ್ಯೂನ್ ಬಂದ. ನಿಂತಿದ್ದ ಟೀಚರಿಗೆ ಇಲ್ಲ, ಕುರ್ಚಿಯಲ್ಲಿ ಕೂತ ನನಗೆ ಮಾತ್ರ ಚಾಯ! ಕ್ಲಾಸಿಡೀ ಹೊಟ್ಟೆ ಹಿಡಿದು ನಕ್ಕಿತು. ಆ ಚಾಯ ನಾನು ಹಾಗೇ ಮೇಜಲ್ಲಿಟ್ಟು ಬಂದೆ ಮಾರಾಯ.

೩. ಏಲಂ

ದೋಸ್ತಿ ಇಲ್ಲದೆ ಎಂತ ಅಂಕ? ನಾನು ಹೋಗುದೇ ಬಿಟ್ಟಿದ್ದೆ. ಮೊನ್ನೆ ಅವನ ಕೋಳಿ ಪೊಲೀಸರ ಕೈಗೆ ಬಿತ್ತು, ಅವನು ಗುರ್ತ ಸಿಗದ ಹಾಗೆ ಓಡಿ ತಪ್ಪಿಸಿಕೊಂಡ. ಹಿಡಿದ ಕೋಳಿಯನ್ನು ಸ್ಟೇಷನ್ ಅಂಗಳದಲ್ಲೇ ಏಲಂ ಕೂಗಿ ಮಾರುದು ಇಲ್ಲಿಯ ಕ್ರಮ. ಕೈತುತ್ತು ಕೊಟ್ಟು ಸಾಕಿದ ಕೋಳಿ, ಅವನು ಬಂದೇ ಬರ್ತಾನೆ ಅಂತ ನಾನೂ ಹೋದೆ.

"ಐನೂರು" ಅಂದ ಅವನು.

ಅಬ್ಬಾ, ಎಷ್ಟು ಸಮಯ ಆಯ್ತು ಆ ಸ್ವರ ಕೇಳಿ! ಇನ್ನೊಮ್ಮೆ ಕೇಳುವ ಅಂತ ನಾನು ಆರುನೂರು ಅಂದೆ. ಅವನು ಏರಿಸಿದ, ನಾನು ಏರಿಸಿದೆ. ನಾನು ಎರಡು ಸಾವಿರ ಅಂದಾಗ ಅವನ ಬಾಯಿ ಮುಚ್ಚಿತು. ನನಗೆ ಅವನ ಸ್ವರ ಕೇಳಿ ಸಾಕಾಗಿರಲಿಲ್ಲ.

"ಎರಡೂವರೆ ಸಾವಿರ!"

ಪೊಲೀಸಿನವ ಹೇಳಿದ, "ಅಜ್ಜ, ಎರಡು ಸಾವಿರವೂ ನಿಮ್ಮದೇ."

"ಗೊತ್ತುಂಟು. ಮೂರು ಸಾವಿರದ ಇನ್ನೂರ ಐವತ್ತು!"

ಅವನು ನನ್ನ ಕಡೆ ತಿರುಗಿದ. "ನಿಂಗೆ ಮಂಡೆ ಸಮ ಉಂಟಾ?"

ದುಡ್ಡು ಕಟ್ಟಿ ಕೋಳಿಯನ್ನು ಅವನ ಕಂಕುಳಿಗೇ ತುರುಕಿದೆ. "ಚಾಯ ಕುಡಿಯುವ, ಬಾ."

"ಇವತ್ತು ಬೇಡ" ಅಂತ ಹೋದ.

ಇವತ್ತು ಬೇಡ ಅಂದ್ರೆ ನಾಳೆ ಆಗ್ಬಹುದು, ಅಲ್ವಾ? ಕೋಳಿಯೂ ಹೋಯ್ತು, ಅವನೂ ಹೋದ, ನನ್ನ ಕಿಸೆಯಿಂದ ಹೋದದ್ದು ಮೂರು ಸಾವಿರದ ಇನ್ನೂರ ಐವತ್ತು ರೂಪಾಯಿ.