ಮೂವತ್ತೈದು ಸೆಂಟಿಮೀಟರಿಗೆ ಸಿಕ್ಕ ಮಂಜೂರಾತಿ

ಇವರಿಗೆ,
ಸ್ವಯಂಚಾಲಿತ ಅನುಮತಿ ಯಂತ್ರದವರು,
ವಿರಳ ಮೋಟಾರು ಕ್ರೀಡೆಗಳ ವಿಭಾಗ,
ಸಿಂಗಾಪುರ

ಮೇ ೫, ಸೋಮವಾರ

ಮಾನ್ಯರೇ,

ತಾವು ಇರುವ ಕೋಣೆ ತಂಪಾಗಿದೆ, ವಿದ್ಯುತ್ತು ಒಂದು ಕ್ಷಣವೂ ಕೈಕೊಟ್ಟಿಲ್ಲ, ತಮ್ಮ ನೆನಪಿನ ಶಕ್ತಿ ದಿನೇ ದಿನೇ ಹೆಚ್ಚುತ್ತಿದೆ ಎಂದು ನಂಬಿ, ಸೆಂಬವಾಂಗ್ ಕನ್ನಡ ಸ್ನೋಮೊಬೈಲ್ ಸಂಘದ ಹತ್ತೊಂಬತ್ತು ಸದಸ್ಯರ, ಅಂದರೆ ಹದಿನೇಳು ಪದಾಧಿಕಾರಿಗಳು ಮತ್ತು ಇಬ್ಬರು ಸಾಮಾನ್ಯ ಸದಸ್ಯರ ಪರವಾಗಿ ತಮಗೆ ಗೌರವಪೂರ್ವಕ ನಮಸ್ಕಾರಗಳನ್ನು ಸಲ್ಲಿಸುತ್ತೇನೆ. ತಮಗೆ ಎಂಬತ್ತಾರು ಭಾಷೆಗಳು ಬರುತ್ತವೆ ಎಂದು ತಮ್ಮ ಜಾಲತಾಣದ ಮೊದಲ ಪುಟದಲ್ಲೇ ಬರೆದಿರುವುದರಿಂದ ಈ ಪತ್ರವನ್ನು ಕನ್ನಡದಲ್ಲಿ ಬರೆಯುವ ಸಲುಗೆ ತೆಗೆದುಕೊಂಡಿದ್ದೇನೆ. ಇಲ್ಲಿನ ಕನ್ನಡಿಗರ ಪತ್ರಿಕೆಗೂ ಒಂದು ಪ್ರತಿ ಕಳಿಸಿದ್ದೇನೆ, ತಾವು ಓದದಿದ್ದರೂ ಯಾರಾದರೂ ಓದಲಿ ಎಂದು.

ತಮ್ಮ ಮೇಲೆ ನಮ್ಮದೊಂದು ದೂರಿದೆ. ಮಾರ್ಚ್ ಮೂರರ ಬೆಳಿಗ್ಗೆ ಹತ್ತು ಗಂಟೆ ಹದಿನಾಲ್ಕು ನಿಮಿಷಕ್ಕೆ ನಾವು ಸಲ್ಲಿಸಿದ ಅರ್ಜಿಯನ್ನು ತಾವು ನಾಲ್ಕು ಸೆಕೆಂಡಿನಲ್ಲಿ ಮಂಜೂರು ಮಾಡಿದಿರಿ. ದೂರು ಇಷ್ಟೇ. ಇದು ದೂರು ಹೇಗಾಯಿತು ಎಂದು ತಾವು ಕೇಳಬಹುದು. ಕೇಳುವ ಸೌಜನ್ಯ ತಮ್ಮಲ್ಲಿದೆ ಎಂದುಕೊಂಡು ವಿವರಿಸುತ್ತೇನೆ.

ನಮ್ಮ ಸಂಸ್ಥಾಪಕ ಅಧ್ಯಕ್ಷರಾದ ಮಹಾಬಲೇಶ್ವರ ಅವರು ಹಿಂದೊಮ್ಮೆ ಕೆಲಸದ ಮೇಲೆ ಉತ್ತರ ಕೆನಡಾದ ಒಂದು ಗಣಿಯಲ್ಲಿ ಹದಿನಾಲ್ಕು ತಿಂಗಳು ಇದ್ದರು. ಅಲ್ಲಿನ ಜನ ಹಿಮದ ಮೇಲೆ ಓಡಿಸುವ ಸ್ನೋಮೊಬೈಲ್ ಎಂಬ ವಾಹನವನ್ನು, ಅಂದರೆ ಮುಂದೆ ಎರಡು ಜಾರುಹಲಗೆ, ಹಿಂದೆ ಅಗಲವಾದ ಒಂದು ರಬ್ಬರ್ ಪಟ್ಟಿ ಇರುವ ಗಾಡಿಯನ್ನು, ಅವರು ಒಮ್ಮೆ ಹತ್ತಿ ಒಮ್ಮೆ ಬಿದ್ದರು, ಮತ್ತೆ ಹತ್ತಲಿಲ್ಲ. ಆದರೆ ಅಲ್ಲಿನ ಸ್ನೋಮೊಬೈಲ್ ಸಂಘ ಅವರ ಮನಸ್ಸನ್ನು ಗೆದ್ದಿತು. ಸ್ವಂತ ಇಚ್ಛೆಯಿಂದ ಬಂದ ಜನ ರಜೆಯ ದಿನ ಹಾದಿಗೆ ಬಿದ್ದ ಕೊಂಬೆ ಕಡಿಯುವುದು, ಹಿಮವನ್ನು ಸಮ ಮಾಡುವುದು, ಸೂಚನಾಫಲಕ ನೆಡುವುದು, ನಂತರ ಬಿಸಿ ಸೂಪ್ ಕುಡಿಯುತ್ತ ತಮ್ಮ ಕ್ರೀಡೆಗೆ ಅನ್ಯಾಯವಾಗುತ್ತಿದೆ ಎಂದು ಸರ್ಕಾರಕ್ಕೆ ಪತ್ರ ಬರೆಯುವುದು. ಇಂಥ ಸಂಘ ಸಿಂಗಾಪುರದಲ್ಲಿ ಯಾಕಿರಬಾರದು ಎಂದು ಅವರು ಯೋಚಿಸಿದರು. ಬೇಕಾದ ಸಾಮಗ್ರಿಗಳ ಪಟ್ಟಿ ಮಾಡಿದಾಗ ಹಿಮವೊಂದನ್ನು ಬಿಟ್ಟು ಉಳಿದೆಲ್ಲವೂ ಇಲ್ಲೇ ಸಿಗುವಂತಿತ್ತು. ಸೆಂಬವಾಂಗ್ ಬಡಾವಣೆ ಸಿಂಗಾಪುರ ದ್ವೀಪದ ಉತ್ತರಕ್ಕಿರುವುದರಿಂದ, ಹಿಮಕ್ಕೆ ಪಶ್ಚಿಮ ತುದಿಯ ಟುವಾಸ್‌ಗಿಂತ ತುಸು ಹತ್ತಿರ ಎಂಬ ಕಾರಣಕ್ಕೆ ಅದನ್ನೇ ಆರಿಸಿದೆವು.

ಮನೆಗಳ ಹಿಂದೆ, ಮಳೆನೀರಿನ ದೊಡ್ಡ ಕಾಲುವೆಯ ಪಕ್ಕದಲ್ಲಿ ಆರುನೂರ ನಲವತ್ತು ಮೀಟರ್ ಉದ್ದದ ಹುಲ್ಲಿನ ಪಟ್ಟಿಯೊಂದು ಯಾರಿಗೂ ಬೇಡವಾಗಿ ಬಿದ್ದಿತ್ತು. ಹನ್ನೊಂದು ವರ್ಷಗಳಿಂದ ಪ್ರತಿ ಭಾನುವಾರ ಬೆಳಿಗ್ಗೆ ನಾವು ಅದನ್ನು ನೋಡಿಕೊಂಡು ಬಂದಿದ್ದೇವೆ. ಮಳೆಯಾದ ಮರುದಿನ ಹಳೆಯ ಕಬ್ಬಿಣದ ಮಂಚವೊಂದಕ್ಕೆ ಹಗ್ಗ ಕಟ್ಟಿ, ಗದ್ದೆಗೆ ಹಲಗೆ ಎಳೆಯುವ ಹಾಗೆ ಆರು ಜನ ಪದಾಧಿಕಾರಿಗಳು ಎಳೆದು ನೆಲವನ್ನು ಸಮ ಮಾಡುತ್ತೇವೆ. ಕೆನಡಾದ ಮಾದರಿಯಲ್ಲೇ ಫಲಕಗಳನ್ನು ನೆಟ್ಟಿದ್ದೇವೆ. ತೊಂಬತ್ತನೆಯ ಮೀಟರಿನಲ್ಲಿ, ಕಾಲುವೆ ಹತ್ತಿರವಾಗುವ ಕಡೆ, ‘ಎಚ್ಚರಿಕೆ, ಮುಂದೆ ತೆಳು ಮಂಜುಗಡ್ಡೆ’ ಎಂದಿದೆ. ಆ ಫಲಕಕ್ಕೆ ಹೆದರಿ ಮಕ್ಕಳು ಕಾಲುವೆಯ ಬಳಿ ಹೋಗದ್ದರಿಂದ ಇದುವರೆಗೆ ಒಂದು ಮಗುವೂ ಅದಕ್ಕೆ ಬಿದ್ದಿಲ್ಲ. ಮುನ್ನೂರ ಹತ್ತನೆಯ ಮೀಟರಿನಲ್ಲಿ ಮೂಸ್ ಎಂಬ ಕೆನಡಾದ ದೊಡ್ಡ ಕಡವೆ ದಾಟುವ ಸ್ಥಳವೆಂಬ ಫಲಕವಿದೆ. ಅಲ್ಲಿ ವಾಸ್ತವವಾಗಿ ಉಡಗಳು ದಾಟುತ್ತವೆ, ಕಡವೆಗಿಂತ ಹೆಚ್ಚಿನ ಗಾಂಭೀರ್ಯದಿಂದ ದಾಟುತ್ತವೆ. ಹಾದಿಯ ತುದಿಯಲ್ಲಿ ಒಂದು ಬೆಂಚು, ಅದರ ಮೇಲೊಂದು ತಗಡಿನ ಸೂರು, ಅದರ ಹೆಸರು ‘ಮೈ ಕಾಯಿಸುವ ಗುಡಿಸಲು’. ಮೂವತ್ಮೂರು ಡಿಗ್ರಿ ಸೆಕೆಯಲ್ಲಿ ಅಲ್ಲಿ ಕುಳಿತು ಮಹಾಬಲೇಶ್ವರ ಅವರ ಫ್ಲಾಸ್ಕಿನ ಟೊಮೆಟೊ ಸಾರು ಕುಡಿದವರಿಗೆ ಆ ಹೆಸರು ಎಷ್ಟು ನಿಜ ಎಂಬುದು ಗೊತ್ತು.

ಮೊದಲ ಐದು ವರ್ಷ ಸಂಘಕ್ಕೆ ವಾಹನ ಇರಲಿಲ್ಲ, ಅದರ ಅಗತ್ಯವೂ ಕಂಡುಬಂದಿರಲಿಲ್ಲ. ಆರು ವರ್ಷಗಳ ಹಿಂದೆ ಟುವಾಸ್‌ನ ಗೋದಾಮೊಂದಕ್ಕೆ ದಾರಿ ತಪ್ಪಿ ಬಂದ ಸ್ನೋಮೊಬೈಲ್ ಒಂದನ್ನು ಯಾರೂ ಬಿಡಿಸಿಕೊಳ್ಳದೆ, ಸಾಗಿಸಿಕೊಂಡು ಹೋಗುವವರಿಗೆ ಅದು ಸೇರಲಿ ಎಂದಾದಾಗ, ಅಲ್ಲೇ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್ ಆಗಿರುವ ನಮ್ಮ ಉಡುಪಿ ಕಡೆಯ ಶೀನ ಅವರು ಅದನ್ನು ತಳ್ಳಿಕೊಂಡು ಬಂದು ತಮ್ಮ ವರ್ಕ್‌ಶಾಪಿನ ಮೂಲೆಯಲ್ಲಿ ನಿಲ್ಲಿಸಿದರು. ಅಂದಿನಿಂದ ವರ್ಷಕ್ಕೊಮ್ಮೆ ಅದಕ್ಕೆ ಆಯುಧಪೂಜೆ ನಡೆಯುತ್ತದೆ. ಚಕ್ರವೇ ಇಲ್ಲದ ವಾಹನಕ್ಕೆ ನಿಂಬೆಹಣ್ಣು ಎಲ್ಲಿಡಬೇಕು, ಎಷ್ಟಿಡಬೇಕು ಎಂಬ ವಿಷಯದಲ್ಲಿ ಮೊದಲ ವರ್ಷ ಕಾರ್ಯಕಾರಿ ಸಮಿತಿ ಮೂರು ಸಭೆ ಸೇರಿತು. ಜಾರುಹಲಗೆಗೆ ಒಂದೊಂದು, ರಬ್ಬರ್ ಪಟ್ಟಿಗೆ ಒಂದು, ಒಟ್ಟು ಮೂರು ಎಂದು ತೀರ್ಮಾನವಾಯಿತು. ಇಟ್ಟ ನಿಂಬೆಹಣ್ಣು ಜಜ್ಜಬೇಕಾದರೆ ವಾಹನ ಮುಂದೆ ಹೋಗಲೇಬೇಕಲ್ಲ, ಆದ್ದರಿಂದ ಶೀನ ಅವರು ಎಂಜಿನ್ ಚಾಲೂ ಮಾಡಿ ಮೂವತ್ತೈದು ಸೆಂಟಿಮೀಟರ್ ಓಡಿಸಿ ಆರಿಸುತ್ತಾರೆ. ಹೀಗೆ ಆರು ವರ್ಷಗಳಲ್ಲಿ ಸಂಘದ ವಾಹನ ಕ್ರಮಿಸಿರುವ ಒಟ್ಟು ದೂರ ಎರಡು ಮೀಟರ್ ಹತ್ತು ಸೆಂಟಿಮೀಟರ್. ನಡಾವಳಿ ಪುಸ್ತಕದಲ್ಲಿ ದಾಖಲೆ ಇದೆ.

ತಮಗಿಂತ ಮುಂಚೆ ತಮ್ಮ ಸ್ಥಾನದಲ್ಲಿ ಶ್ರೀ ಟಿಯೊ ಎಂಬ ಅಧಿಕಾರಿಗಳಿದ್ದರು. ಹಾದಿಯಲ್ಲಿ ಸ್ನೋಮೊಬೈಲ್ ಓಡಿಸಲು ಅನುಮತಿ ಕೋರಿ ನಾವು ವರ್ಷಕ್ಕೊಂದು ಅರ್ಜಿ ಹಾಕುತ್ತಿದ್ದೆವು, ಅವರು ವರ್ಷಕ್ಕೊಮ್ಮೆ ತಿರಸ್ಕರಿಸುತ್ತಿದ್ದರು. ತಿರಸ್ಕರಿಸುವುದೆಂದರೆ ಹೇಗೆ! ಎರಡೇ ಪ್ಯಾರಾ, ಎರಡನೆಯದು ‘ವಿಷಾದದಿಂದ’ ಎಂದು ಶುರುವಾಗಿ ‘ಹಿಮ ಲಭ್ಯವಾದಾಗ ಮರುಪರಿಶೀಲಿಸಲಾಗುವುದು’ ಎಂದು ಮುಗಿಯುತ್ತಿತ್ತು, ಕೆಳಗೆ ನೀಲಿ ಶಾಯಿಯ ಸಹಿ. ಪತ್ರ ಬಂದ ವಾರವೇ ಬಿಶಾನ್ ಪಾರ್ಕಿನಲ್ಲಿ ಬಿಸಿಬೇಳೆಬಾತಿನೊಂದಿಗೆ ಖಂಡನಾ ಸಭೆ, ಠರಾವು, ವಂದನಾರ್ಪಣೆ. ಇದು ನಮ್ಮ ವಾರ್ಷಿಕ ಕಾರ್ಯಕ್ರಮಗಳಲ್ಲೇ ಅತಿ ಹೆಚ್ಚು ಜನ ಸೇರುವಂಥದ್ದು. ಕಳೆದ ವರ್ಷ ಅವರು ನಿವೃತ್ತರಾದಾಗ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ ಸನ್ಮಾನಿಸಿದೆವು. ಹನ್ನೊಂದು ತಿರಸ್ಕಾರಗಳನ್ನು ನೆನೆದು ಅವರ ಕಣ್ಣು ತೇವವಾಯಿತು.

ಆ ಜಾಗಕ್ಕೆ ತಾವು ಬಂದಿರಿ. ಈ ವರ್ಷ ಅರ್ಜಿ ತುಂಬುವ ಹೊಣೆ ನಮ್ಮ ಕಾರ್ಯದರ್ಶಿ ಇಶಾ ಅವರದಾಗಿತ್ತು. ಇಲ್ಲೇ ಹುಟ್ಟಿ ಬೆಳೆದು, ಈಗ ಹಡಗು ವಿನ್ಯಾಸ ಓದುತ್ತಿರುವ ಇಶಾ ತಮ್ಮ ಪ್ರಶ್ನೆಗಳಿಗೆಲ್ಲ ಪ್ರಾಮಾಣಿಕವಾಗಿ ಉತ್ತರಿಸಿದರು. ಹಿಮದ ಆಳ ಎಷ್ಟು? ಸೊನ್ನೆ. ಹಿಮಕುಸಿತಗಳು? ಸೊನ್ನೆ. ಚಳಿಯಿಂದ ಬೆರಳು ಮರಗಟ್ಟಿದ ಸವಾರರು? ಸೊನ್ನೆ. ಅಪಘಾತಗಳು? ಸೊನ್ನೆ. ಕಳೆದ ವರ್ಷ ವಾಹನ ಓಡಿದ ದೂರ? ಮೂವತ್ತೈದು ಸೆಂಟಿಮೀಟರ್. ತಾವು ಇದನ್ನೆಲ್ಲ ಕೂಡಿಸಿ, ತಮ್ಮ ಗಮನಕ್ಕೆ ಬಂದ ಸ್ನೋಮೊಬೈಲ್ ಹಾದಿಗಳಲ್ಲೇ ಇದು ಅತ್ಯಂತ ಸುರಕ್ಷಿತವಾದದ್ದು, ವೇಗ ನಿಯಂತ್ರಣದಲ್ಲಿ ಇದು ಮಾದರಿ ಎಂದು ಶ್ಲಾಘಿಸಿ ಮಂಜೂರು ಮಾಡಿದಿರಿ. ತುರ್ತು ಸಭೆಯಲ್ಲಿ ಎಲ್ಲರೂ ತನ್ನ ಕಡೆಗೇ ನೋಡಿದಾಗ ಇಶಾ, ಕೊನೆಗೆ ಇಲ್ಲಿನವರ ಮಾತಿನ ‘ಲಾ’ ಸೇರಿಸಿ, ಹೇಳಿದ್ದು ಇಷ್ಟು: “ಅಂಕಲ್, ನಾನು ಒಂದು ಸುಳ್ಳೂ ಬರ್ದಿಲ್ಲ. ಅದೇ ಪ್ರಾಬ್ಲಮ್ ಆಯ್ತು ಲಾ.”

ಮಾನ್ಯರೇ, ತಮ್ಮ ತರ್ಕದಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಿಲ್ಲ. ಇಂಥ ತರ್ಕ ಮನುಷ್ಯರಿಗೆ ಸಾಧ್ಯವೇ ಇಲ್ಲ. ನಾವು ಓದಿ ಬೆಚ್ಚಿದ್ದು ಅದರ ಕೆಳಗಿನ ಷರತ್ತುಗಳನ್ನು. ನಾಲ್ಕನೆಯ ಷರತ್ತಿನ ಪ್ರಕಾರ ಇದು ಇನ್ನು ಮೋಟಾರು ಕ್ರೀಡೆಯ ಹಾದಿ, ಪಾದಚಾರಿಗಳಿಗೆ ಯಾವ ಹೊತ್ತಿನಲ್ಲೂ ಪ್ರವೇಶವಿಲ್ಲ. ಒಂಬತ್ತನೆಯದರ ಪ್ರಕಾರ ತೊಂಬತ್ತು ದಿನಗಳೊಳಗೆ ವಾಹನವನ್ನು ಐವತ್ತು ಸುತ್ತು ಓಡಿಸದಿದ್ದರೆ ಅನುಮತಿ ತಾನಾಗಿಯೇ ರದ್ದಾಗುತ್ತದೆ.

ಪಾದಚಾರಿಗಳು ಯಾರು ಎಂಬುದು ತಮ್ಮ ಅರ್ಜಿ ನಮೂನೆಯಲ್ಲಿ ಇರಲಿಲ್ಲವಾದ್ದರಿಂದ ಇಲ್ಲಿ ತಿಳಿಸುತ್ತೇನೆ. ಹಾದಿ ಚೊಕ್ಕಟವಾಗಿದೆ ಎಂದು ಸುತ್ತಲಿನ ಬ್ಲಾಕುಗಳ ಜನ ವರ್ಷಗಳಿಂದ ಅಲ್ಲಿ ನಡೆದಾಡುತ್ತಾರೆ, ದಿನಕ್ಕೆ ಸುಮಾರು ಇನ್ನೂರು ಮಂದಿ. ನಿವೃತ್ತ ಟಿಯೊ ಅವರೂ ಅವರಲ್ಲೊಬ್ಬರು. ಇನ್ನೊಬ್ಬರು ನಮ್ಮ ವಿಮಲಾ ಆಂಟಿ, ವಯಸ್ಸು ಎಪ್ಪತ್ತೊಂದು. ಜನವರಿಯಲ್ಲಿ ಅವರ ಎರಡೂ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಯಿತು. ವೈದ್ಯರು ಮೀಟರುಗಳಲ್ಲಿ ಗುರಿ ಹೇಳಿಕೊಟ್ಟರೆ ಆಂಟಿ ಅದನ್ನು ನಮ್ಮ ಫಲಕಗಳಲ್ಲಿ ಅಳೆದುಕೊಂಡರು. ಫೆಬ್ರವರಿ ಕೊನೆಗೆ ತೆಳು ಮಂಜುಗಡ್ಡೆ ದಾಟಿದರು. ಏಪ್ರಿಲಿನೊಳಗೆ ಕಡವೆ, ನಂತರ ಗುಡಿಸಲು ಎಂಬುದು ಅವರ ಯೋಜನೆಯಾಗಿತ್ತು. ಷರತ್ತಿನಂತೆ ‘ಪಾದಚಾರಿಗಳಿಗೆ ಪ್ರವೇಶವಿಲ್ಲ’ ಎಂಬ ಫಲಕವನ್ನು ನಾವೇ ನೆಡಲು ಹೋದ ದಿನ, ಆಂಟಿ ಊರುಗೋಲು ಹಿಡಿದು ಎದುರಿಗೆ ನಿಂತಿದ್ದರು. “ಹನ್ನೊಂದು ವರ್ಷ ನಾನು ದಿನಾ ಇಲ್ಲಿ ಬಂದಿದೀನಿ, ನಿಮ್ಮ ಗಾಡಿ ಒಂದು ದಿನಾನೂ ಬಂದಿಲ್ಲ. ಈಗ ಅದು ಬರುತ್ತೆ ಅಂತ ನಾನು ಹೋಗ್ಬೇಕಾ ಮಹಾಬಲೇಶ್ವರ?” ಎಂದು ಕೇಳಿದರು. ಹನ್ನೊಂದು ಖಂಡನಾ ಸಭೆಗಳಲ್ಲಿ ತಲಾ ನಲವತ್ತು ನಿಮಿಷ ಮಾತಾಡಿದ ಅಧ್ಯಕ್ಷರು ಫಲಕವನ್ನು ಮಗುಚಿ ಕಂಕುಳಲ್ಲಿ ಇಟ್ಟುಕೊಂಡರು. ಗುಂಡಿ ತೋಡಿದ್ದಾಗಿತ್ತು, ಅದನ್ನು ಮುಚ್ಚಿ ಮನೆಗೆ ಬಂದೆವು.

ನಮ್ಮನ್ನು ಉಳಿಸಿದ್ದು ಟಿಯೊ ಅವರು. ಅಂದು ನಡೆದಾಡಲು ಬಂದು ಇದನ್ನೆಲ್ಲ ನೋಡಿದ್ದ ಅವರು ಸಂಜೆ ಫೋನ್ ಮಾಡಿ, ‘ಹದಿನೇಳನೆಯ ಷರತ್ತನ್ನು ಓದಿ’ ಎಂದು ನಮಗೆ ಹೇಳಿದರು. ನಿರ್ವಹಣೆಯಲ್ಲಿ ತೊಡಗಿರುವ ನೋಂದಾಯಿತ ಸ್ವಯಂಸೇವಕರಿಗೆ ನಾಲ್ಕನೆಯ ಷರತ್ತು ಅನ್ವಯಿಸುವುದಿಲ್ಲ, ಅವರು ಹಾದಿಯಲ್ಲಿರುವಷ್ಟು ಹೊತ್ತು ವಾಹನ ಓಡಿಸತಕ್ಕದ್ದಲ್ಲ ಎಂದು ಅದು ಹೇಳುತ್ತದೆ. ಆ ಷರತ್ತನ್ನು ಬಹಳ ಹಿಂದೆ ಬರೆದವರು ಅವರೇ, ಎಂದಾದರೂ ಯಾರಿಗಾದರೂ ಅನುಮತಿ ಕೊಡಬೇಕಾಗಿ ಬಂದರೆ ಇರಲಿ ಎಂದು.

ಆದ್ದರಿಂದ ತಮಗೆ ಸಂತೋಷದಿಂದ ತಿಳಿಸುವುದೇನೆಂದರೆ, ನಮ್ಮ ಸಂಘದಲ್ಲಿ ಈಗ ಇನ್ನೂರ ಹದಿನಾಲ್ಕು ನೋಂದಾಯಿತ ಸ್ವಯಂಸೇವಕರಿದ್ದಾರೆ. ಬೆಳಿಗ್ಗೆ ಐದರಿಂದ ರಾತ್ರಿ ಹಾದಿಯ ದೀಪ ಆರುವವರೆಗೆ ಒಂದು ನಿಮಿಷವೂ ಹಾದಿ ನಿರ್ವಹಣೆಯಿಲ್ಲದೆ ಇರುವುದಿಲ್ಲ. ಪ್ರತಿಯೊಬ್ಬರೂ ಹೋಗುವಾಗ ಒಂದು, ಬರುವಾಗ ಒಂದು ಒಣಗಿದ ಎಲೆಯನ್ನು ಹೆಕ್ಕುತ್ತಾರೆ. ಎಲೆ ಸಾಲದೆ ಬರುವ ಸಂಭವವಿರುವುದರಿಂದ ಹೆಕ್ಕಿದ ಎಲೆಯನ್ನು ಹತ್ತು ಹೆಜ್ಜೆ ಮುಂದೆ ಹಾಕಲು ಸಮಿತಿ ಒಪ್ಪಿಗೆ ಕೊಟ್ಟಿದೆ. ಇಷ್ಟು ಶ್ರದ್ಧೆಯಿಂದ ನೋಡಿಕೊಳ್ಳುತ್ತಿರುವ ಹಾದಿಯಲ್ಲಿ ವಾಹನ ಓಡಿಸಲು ಒಂದು ನಿಮಿಷದ ಬಿಡುವೂ ಸಿಗುತ್ತಿಲ್ಲವೆಂಬುದು ನಮ್ಮ ಕ್ರೀಡೆಯ ದೌರ್ಭಾಗ್ಯ. ಐವತ್ತು ಸುತ್ತುಗಳ ಪೈಕಿ ಇಂದಿಗೆ ಐವತ್ತು ಬಾಕಿ ಇವೆ. ಗಡುವು ಜೂನ್ ಒಂದಕ್ಕೆ ಮುಗಿಯುತ್ತದೆ.

ಇನ್ನು ನಮ್ಮ ಬೇಡಿಕೆಗಳು. ಜೂನ್ ಎರಡರಂದು ಅನುಮತಿ ತಾನಾಗಿಯೇ ರದ್ದಾಗುವುದು ನಮಗೆ ಸಾಲದು. ತಾವು ಅದನ್ನು ಪತ್ರ ಬರೆದು ರದ್ದು ಮಾಡಬೇಕು, ಎರಡೇ ಪ್ಯಾರಾ ಇರಬೇಕು, ಎರಡನೆಯದರಲ್ಲಿ ವಿಷಾದ ಇರಬೇಕು. ತಮಗೆ ಕೈಯಿಲ್ಲದ ಕಾರಣ ನೀಲಿ ಶಾಯಿಯ ಸಹಿಗೆ ತಾವು ಟಿಯೊ ಅವರನ್ನು ವರ್ಷಕ್ಕೊಂದು ದಿನದ ಮಟ್ಟಿಗೆ ಮತ್ತೆ ಕರೆಸಿಕೊಳ್ಳಬೇಕು. ಮುಂದಿನ ಅರ್ಜಿಯನ್ನು ಮುಟ್ಟಿ ನೋಡುವ ಮುನ್ನ ಕನಿಷ್ಠ ಆರು ವಾರ ಅದರ ಮೇಲೆ ಕುಳಿತಿರಬೇಕು. ಕೂರುವುದು ತಮಗೆ ಸಾಧ್ಯವಿಲ್ಲದಿದ್ದರೆ ಅದನ್ನು ಕಳೆದುಕೊಂಡು ಮತ್ತೆ ಹುಡುಕಿದರೂ ಆದೀತು. ಬಿಶಾನ್ ಪಾರ್ಕಿನ ಖಂಡನಾ ಸಭೆಗೆ ಜೂನ್ ಎಂಟರ ಭಾನುವಾರ ಗೊತ್ತಾಗಿದೆ, ಬಿಸಿಬೇಳೆಬಾತಿಗೆ ಹೇಳಿಯೂ ಆಗಿದೆ. ಖಂಡಿಸಲು ಏನಾದರೂ ಒಂದನ್ನು ತಾವು ಒದಗಿಸದಿದ್ದರೆ ಸಂಘದ ಮಾನ ಉಳಿಯುವುದಿಲ್ಲ.

ತಮ್ಮ ದಾಖಲೆಗೆ ಕೊನೆಯದಾಗಿ ಒಂದು ಸಂಗತಿ. ನಿನ್ನೆ ಭಾನುವಾರ ಬೆಳಿಗ್ಗೆ ಏಳು ಗಂಟೆ ಐವತ್ತೆರಡು ನಿಮಿಷಕ್ಕೆ, ಸ್ವಯಂಸೇವಕಿ ಸಂಖ್ಯೆ ಇಪ್ಪತ್ತು ವಿಮಲಾ ಆಂಟಿ ತೆಳು ಮಂಜುಗಡ್ಡೆಯನ್ನೂ ಕಡವೆಯನ್ನೂ ದಾಟಿ, ಒಂದು ಉಡಕ್ಕೆ ದಾರಿ ಬಿಟ್ಟುಕೊಟ್ಟು, ಆರುನೂರ ನಲವತ್ತನೆಯ ಮೀಟರಿನ ಗುಡಿಸಲು ತಲುಪಿದರು. ಊರುಗೋಲು ಒಂದು ಕೈಯಲ್ಲಿತ್ತು, ಎಲೆ ಇನ್ನೊಂದರಲ್ಲಿ. ಅಧ್ಯಕ್ಷರು ಸಾರು ಬಗ್ಗಿಸಿ ಕೊಟ್ಟರು. ಆಂಟಿ ಕುಡಿದು, ಉಪ್ಪು ಕಡಿಮೆಯಾಗಿದೆ ಎಂದರು. ಹನ್ನೊಂದು ವರ್ಷಗಳಲ್ಲಿ ನಮ್ಮ ಹಾದಿಯ ಮೇಲೆ ನಡೆದ ಅತಿ ದೀರ್ಘ ಪ್ರಯಾಣ ಇದೇ ಎಂದು ಸಭೆ ಸರ್ವಾನುಮತದಿಂದ ದಾಖಲಿಸಿದೆ.

ತಮ್ಮ ನಾಲ್ಕು ಸೆಕೆಂಡುಗಳಿಗೆ ಎಂದೆಂದಿಗೂ ಋಣಿಯಾಗಿರುವ,
ತಮ್ಮ ವಿಶ್ವಾಸಿ,
ಮೈತ್ರೇಯಿ
ಗೌರವ ಪತ್ರವ್ಯವಹಾರ ಕಾರ್ಯದರ್ಶಿ,
ಸೆಂಬವಾಂಗ್ ಕನ್ನಡ ಸ್ನೋಮೊಬೈಲ್ ಸಂಘ

ಮರೆತ ಮಾತು: ಈ ಪತ್ರವನ್ನು ತಮ್ಮ ಜಾಲತಾಣಕ್ಕೆ ಸೇರಿಸಲು ಹೋದಾಗ ಅಲ್ಲಿ ‘ದೂರು’ ಎಂಬ ವಿಭಾಗವೇ ಕಾಣಲಿಲ್ಲ, ‘ಹೊಸ ಅರ್ಜಿ’ ಎಂಬ ಒಂದೇ ಗುಂಡಿ ಇತ್ತು. ಬೇರೆ ದಾರಿಯಿಲ್ಲದೆ ಅದನ್ನೇ ಒತ್ತುತ್ತಿದ್ದೇವೆ. ಮಂಜೂರು ಮಾಡುವ ಮುನ್ನ ದಯವಿಟ್ಟು ಐದು ಸೆಕೆಂಡಾದರೂ ಯೋಚಿಸಿ.