ಕೈಗೆ ಬೂಟು

ಶೇಖಪ್ಪ ಬಾಯಿ ಮುಚ್ಚಿಕೊಂಡಿದ್ದರೆ ಆ ಸೋಮವಾರ ಸುಸೂತ್ರವಾಗಿಯೇ ಕಳೆಯುತ್ತಿತ್ತು. ಆದರೆ ಮಹಾಯುದ್ಧದಲ್ಲಿ ಸೆರೆಸಿಕ್ಕು, ಮೂರು ವರ್ಷ ಜರ್ಮನರ ಆಲೂಗಡ್ಡೆ ಸುಲಿದು ಬಂದವನ ಬಾಯಿ ಅದು.

ದಾಂಡೇಲಿಯ ಆ ಸಣ್ಣ ಸಾಬೂನು ಕಾರ್ಖಾನೆಗೆ ಜರ್ಮನಿಯ ರಬ್ಬರ್ ಕೈಗವಸುಗಳ ಪೆಟ್ಟಿಗೆ ಬಂದಿತ್ತು. ಹಿಂದಿನ ವಾರ ಕುದಿಯುವ ಕಾಸ್ಟಿಕ್ ಸೋಡಾ ಸಿಡಿದು ಕೆಲಸಗಾರ ಉಳವಪ್ಪನ ಬಲಗೈ ಚರ್ಮ ಹಾಲಿನ ಕೆನೆಯಂತೆ ಎದ್ದು ಬಂದಿತ್ತು.

"ಪೆಟಿಗಿ ಮ್ಯಾಲ ಏನ್ ಬರದಾರ್ರಿ, ಶೇಖಪ್ಪಣ್ಣಾ?" ಒಂದು ಕೈಗವಸು ಏರಿಸುತ್ತ ಜೊತೆಗೆಲಸದ ಈಶಪ್ಪ ಕೇಳಿದ.

ಶೇಖಪ್ಪ ಮೀಸೆ ತೀಡಿದ. "ಹಾಂಡ್‌ಶೂ! ಹಾಂಡ್ ಅಂದ್ರ ಕೈ, ಶೂ ಅಂದ್ರ ಬೂಟು. ಆ ಮಂದಿ ಎರಡು ಮಾತು ಹೊಲದು ಒಂದು ಮಾಡ್ತಾರ. ಕೈಗೆ ಹಾಕೂ ಬೂಟು!"

ಈಶಪ್ಪ ಚೇಳು ಕಡಿದವನಂತೆ ಕೈಗವಸು ಕಿತ್ತೆಸೆದ. "ದಿನಾ ಪೂಜಿಗೆ ಇಷ್ಟಲಿಂಗ ಹಿಡಿಯೂ ಕೈಗೆ ಬೂಟು ಹಾಕ್ಲೇನು?"

ಹನ್ನೆರಡು ಜೋಡಿಯೂ ಪೆಟ್ಟಿಗೆಗೆ ಮರಳಿದವು. ಮೇಸ್ತ್ರಿ ಮಿಂಗೇಲ್ ಶೇಖಪ್ಪನನ್ನು ಪಕ್ಕಕ್ಕೆ ಕರೆದ. "ಸಂಜಿಯೊಳಗ ಎಲ್ಲಾರ ಕೈಯಾಗೂ ಇವು ಇರಬೇಕು. ಇಲ್ಲಾಂದ್ರ ನಾಳಿಂದ ನೀ ಬರಬ್ಯಾಡ."

ಮಧ್ಯಾಹ್ನ ಮನೆಗೆ ಹೋದರೆ ಸುದ್ದಿ ನಲ್ಲಿಯ ಹತ್ತಿರವೇ ಹಬ್ಬಿತ್ತು. ಹೆಂಡತಿ ಸತ್ತೆವ್ವ ರೊಟ್ಟಿ ಬುಟ್ಟಿ ಹಿಂದಕ್ಕೆಳೆದಳು. "ಬೂಟಿನೊಳಗ ತುರುಕಿದ ಕೈಲೆ ರೊಟ್ಟಿ ಮುಟ್ಟಬ್ಯಾಡ್ರಿ."

"ನಾ ಹಾಕ್ಕೊಂಡಿಲ್ಲ ಮಾರಾಯ್ತಿ!"

"ಮಂದಿಗೆ ಹಾಕಸಾಕ ಹೊಂಟವರು ನೀವ ಹೌದಿಲ್ಲೋ?"

ಹಸಿದ ಹೊಟ್ಟೆಯಲ್ಲೇ ಕಾರ್ಖಾನೆಗೆ ಮರಳಿದ ಶೇಖಪ್ಪ ಎಲ್ಲರ ನಡುವೆ ನಿಂತ. "ಅಣ್ಣಗಳ್ರಾ, ಮುಂಜಾನಿ ಸುಳ್ಳ ಹೇಳಿದ್ನಿ. ಅದು ಬೂಟಲ್ಲ. ನನಗ ಜರ್ಮನ್ ಬರೂದಿಲ್ಲ. ಆಲೂಗಡ್ಡಿ ಸುಲಿಯೂದಷ್ಟ ಬರತೈತಿ."

"ಆಣಿ ಮಾಡ್ರಿ," ಎಂದ ಉಳವಪ್ಪ, ಬಟ್ಟೆ ಸುತ್ತಿದ ಕೈ ಎದೆಗೊತ್ತಿಕೊಂಡು.

ಶೇಖಪ್ಪ ಆ ಕೈಯನ್ನೇ ನೋಡಿದ. "ಉಳವಿ ಚನ್ನಬಸವಣ್ಣನ ಆಣಿ."

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಅವನು ಹದಿನೈದು ವರ್ಷ ಮೆರೆಸಿದ್ದ ಜರ್ಮನ್ ಪಂಡಿತಿಕೆ ಒಂದೇ ನಗೆಯಲ್ಲಿ ಕೊಚ್ಚಿಹೋಯಿತು. ನಗುತ್ತಲೇ ಒಬ್ಬೊಬ್ಬರಾಗಿ ಕೈಗವಸು ಏರಿಸಿದರು.

ಪೆಟ್ಟಿಗೆಯಲ್ಲಿ ಉಳಿದದ್ದು ಒಂದೇ ಜೋಡಿ, ಶೇಖಪ್ಪನದು. ಅವನು ಎಡಗೈಯದನ್ನು ಎತ್ತಿ ಅದರ ಬಾಯಿ ಅಗಲಿಸಿದ. ಬೆಳಿಗ್ಗೆ ಪೂಜೆಯಲ್ಲಿ ಇಷ್ಟಲಿಂಗ ಇರಿಸಿಕೊಂಡಿದ್ದ ಅಂಗೈಯನ್ನೊಮ್ಮೆ ನೋಡಿಕೊಂಡ. ಉಳಿದವರಿಗೆ ಹೇಳಲು ಜರ್ಮನ್ ಬಾರದೆಂಬ ಸುಳ್ಳಾದರೂ ಇತ್ತು. ಅದನ್ನು ತಾನೇ ನಂಬುವುದು ಹೇಗೆ? ಕೈಗವಸನ್ನು ಮೆಲ್ಲಗೆ ಪೆಟ್ಟಿಗೆಗೆ ಹಾಕಿ, ಬರಿಗೈಯಲ್ಲೇ ಕಾಸ್ಟಿಕ್ಕಿನ ಬಕೆಟ್ ಎತ್ತಿದ.

ನಾಲ್ಕು ಹೆಜ್ಜೆಗೆ ಕಾಲು ಜಾರಿತು.

ಸಂಜೆ ದವಾಖಾನೆಯಲ್ಲಿ ಅವನ ಎಡಗೈ ಮೊಣಕೈವರೆಗೆ ಬಟ್ಟೆಯಲ್ಲಿತ್ತು. ಎರಡು ಬೆರಳು ಉಳಿಯುವುದು ಕಷ್ಟ ಎಂದಿದ್ದರು ಡಾಕ್ಟರು. ಪಕ್ಕದಲ್ಲಿ ಕೂತ ಈಶಪ್ಪನ ಹತ್ತು ಬೆರಳೂ ನೆಟ್ಟಗಿದ್ದವು.

"ನಿಮಗೇನಾಗಿತ್ರಿ, ಅಣ್ಣಾ? ಹಾಕ್ಕೋಬಾರದಿತ್ತಾ?" ಎಂದು ಈಶಪ್ಪ ಕಣ್ಣೊರೆಸಿಕೊಂಡ. "ಅದು ಬೂಟಲ್ಲಂತ ನೀವ ಆಣಿ ಮಾಡಿದ್ರೆಲ್ಲ!"

ಜನ್ಮದಲ್ಲಿ ಮೊದಲ ಸಲ ಶೇಖಪ್ಪ ಬಾಯಿ ಬಿಡಲಿಲ್ಲ.