ಮಾವನ ಟ್ರಯಲ್ಲು

ನಮ್ಮ ಮಾವ ಒಂದೇ ಮದುವೆಗೆ ಎರಡು ಸಲ ದಿಬ್ಬಣ ತಂದವರು! ಹುಡುಗಿ ಒಬ್ಬಳೇ, ಮುಹೂರ್ತವೂ ಒಂದೇ, ದಿಬ್ಬಣ ಮಾತ್ರ ಎರಡು. ನಂಬುವುದಿಲ್ಲವೇ? ನಮ್ಮೂರು ಕಿಗ್ಗದ ಹಿರಿಯರಲ್ಲಿ ಯಾರನ್ನು ಬೇಕಾದರೂ ಕೇಳಿ ನೋಡಿ.

ಮಾವ ಅಂದರೆ ನನ್ನ ಅಪ್ಪನ ತಂಗಿಯ ಗಂಡ. ಕೊಪ್ಪದ ಹೈಸ್ಕೂಲಿನಲ್ಲಿ ಕ್ರಾಫ್ಟ್ ಮೇಷ್ಟ್ರು. ಮದುವೆಗೆ ಇನ್ನೂ ಎಂಟು ದಿನ ಇರುವಾಗ ಒಂದು ಬೆಳಿಗ್ಗೆ ಪಂಚೆ, ಶಲ್ಯ, ಪೇಟ ಸಮೇತ ಇಬ್ಬರು ಸ್ನೇಹಿತರನ್ನು ಕಟ್ಟಿಕೊಂಡು ಕಿಗ್ಗದಲ್ಲಿ ಬಸ್ಸಿಳಿದರಂತೆ. ಜೊತೆಗೆ ಎರಡು ಖಾಲಿ ಟ್ರಂಕು. ಅವನ್ನು ಬಸ್ಸಿನ ಮೇಲೆ ಹಾಕಿ ಇಳಿಸುವುದಕ್ಕೆ ಎಷ್ಟು ನಿಮಿಷ ಹಿಡಿಯುತ್ತದೆ ಎಂದು ನೋಡಬೇಕಿತ್ತಲ್ಲ! ಚಪ್ಪರದ ಕಂಬಕ್ಕೆ ಗುಂಡಿ ತೋಡಿಸುತ್ತಿದ್ದ ನನ್ನ ಅಜ್ಜ ಮದುಮಗನನ್ನು ಕಂಡದ್ದೇ ಒಳಗೋಡಿ ಪಂಚಾಂಗ ತೆಗೆದರಂತೆ. ಅಜ್ಜಿ ಕೈಕಾಲು ಬಿಟ್ಟು ಕೂತುಬಿಟ್ಟರಂತೆ. ಮಾವ ಮಾತ್ರ ಕೈಗಡಿಯಾರ ನೋಡಿಕೊಂಡು, "ನೀವು ಎಂತ ಗಡಿಬಿಡಿ ಮಾಡ್ಕೋಬೇಡಿ. ಇದು ಟ್ರಯಲ್ಲು. ಬಸ್ಸು ಹತ್ತು ನಿಮಿಷ ಲೇಟು, ಅಷ್ಟೇ" ಎಂದರಂತೆ.

ಅಜ್ಜ ಸುಧಾರಿಸಿಕೊಂಡು ಕೇಳಿದರಂತೆ: "ಹೌದನಾ? ಹಾಗಾದ್ರೆ ಹುಡುಗಿದೂ ಒಂದು ಟ್ರಯಲ್ ಉಂಟಾ?"

ಒಳಗಿನಿಂದ ಅತ್ತೆ ನಕ್ಕದ್ದು ಹೊರಗೆ ಕೇಳಿಸಿತಂತೆ. ಪಾಪ, ಆಗ ನಗು ಬಂದಿತ್ತು! ಮುಂದೆ ಏನು ಕಾದಿದೆ ಎಂದು ಅವಳಿಗೇನು ಗೊತ್ತು?

ಈ ಟ್ರಯಲ್ ಎನ್ನುವ ಇಂಗ್ಲಿಷ್ ಶಬ್ದ ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ, ಇಲ್ಲ ಎನ್ನುವುದಿಲ್ಲ. ದರ್ಜಿ ಗುರುವಾರ ಟ್ರಯಲಿಗೆ ಬನ್ನಿ ಎನ್ನುತ್ತಾನೆ. ಎನ್.ಆರ್.ಪುರದ ಕೋರ್ಟಿಗೆ ಅಲೆಯುವವರು ನಮ್ಮ ಕೇಸು ಟ್ರಯಲಿಗೆ ಬಂತು ಎಂದು ಹಿಗ್ಗುತ್ತಾರೆ. ಮೆಕ್ಯಾನಿಕ್ಕು ಟ್ರಯಲ್ ನೋಡಿ ಬರ್ತೇನೆ ಎಂದು ನಿಮ್ಮ ಸ್ಕೂಟರನ್ನೇರಿ ಹೋದರೆ ಅವನ ನೆಂಟರ ಮನೆ ಊಟವೆಲ್ಲ ಮುಗಿದ ಮೇಲೇ ವಾಪಸು. ಆದರೆ ಇವರೆಲ್ಲ ಆ ಶಬ್ದವನ್ನು ಬೇಕಾದಾಗ ಬಳಸಿ ಪಕ್ಕಕ್ಕಿಡುವವರು. ನಮ್ಮ ಮಾವ ಅದರೊಳಗೇ ಸಂಸಾರ ಹೂಡಿದವರು! ಸಾರಿನ ರುಚಿ ನೋಡುವುದೂ ಟ್ರಯಲ್ಲು, ಹೊಸ ಕೊಡೆ ಬಿಚ್ಚುವುದೂ ಟ್ರಯಲ್ಲು, ಹೆಡ್ಮಾಸ್ಟರ ಹತ್ತಿರ ರಜೆ ಕೇಳುವ ಮೊದಲು ಕನ್ನಡಿಯ ಹತ್ತಿರ ರಜೆ ಕೇಳುವುದೂ ಟ್ರಯಲ್ಲು. ಕನ್ನಡಿ ಒಮ್ಮೆಯೂ ರಜೆ ಕೊಡದೆ ಇದ್ದದ್ದಿಲ್ಲ; ಹೆಡ್ಮಾಸ್ಟರು ಒಮ್ಮೆಯೂ ಕೊಟ್ಟದ್ದಿಲ್ಲ.

ಕೊಪ್ಪದ ಪೇಟೆಯಲ್ಲಿ ಅವರಿಗೆ ಬಟ್ಟೆ ಹೊಲಿಯುತ್ತಿದ್ದವರು ಒಬ್ಬ ವಯಸ್ಸಾದ ಸಾಹೇಬರು. ತುಂಬ ತಾಳ್ಮೆಯ ಮನುಷ್ಯ. ಎಲ್ಲರಿಗೂ ಒಂದು ಟ್ರಯಲ್ಲಾದರೆ ಮಾವನಿಗೆ ಐದು. ಅಂಗಿ ತೊಟ್ಟು ಕೂತು ನೋಡಬೇಕು, ಬಗ್ಗಿ ನೋಡಬೇಕು, ಬೋರ್ಡಿನ ಮೇಲೆ ಬರೆಯುವ ಹಾಗೆ ಕೈಯೆತ್ತಿ ನೋಡಬೇಕು, ಒಮ್ಮೆ ಬಸ್‌ಸ್ಟ್ಯಾಂಡಿನ ತನಕ ನಡೆದು ಬರಬೇಕು. ಕೊನೆಗೊಂದು ದಿನ ಸಾಹೇಬರು ಕತ್ತರಿ ಕೆಳಗಿಟ್ಟು ಹೇಳಿದರು: "ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ. ಈ ಅಂಗಿ ಟ್ರಯಲ್ಲಲ್ಲೇ ಹಳೇದಾಯ್ತು. ಹೊಸದಕ್ಕೆ ಅಳತೆ ಕೊಡ್ತೀರಾ?"

ನನ್ನನ್ನೂ ಬಿಡಲಿಲ್ಲ. ನನ್ನ ಎಸ್ಸೆಸ್ಸೆಲ್ಸಿ ಪರೀಕ್ಷೆ ಶೃಂಗೇರಿಯಲ್ಲಿ. ಹಿಂದಿನ ಭಾನುವಾರ ಮಾವ ಬಂದು, "ಹೊರಡು ಮಾರಾಯ, ಟ್ರಯಲ್ ನೋಡುವ" ಎಂದು ಎಳೆದುಕೊಂಡೇ ಹೋದರು. ಸ್ಕೂಲಿಗೆ ಬೀಗ. ಬಿಡುತ್ತಾರೆಯೇ? ಜಗಲಿಯ ಮೇಲೆ ಕೂರಿಸಿ, ತಾವೇ ಬರೆದು ತಂದ ಪ್ರಶ್ನೆಪತ್ರಿಕೆ ಕೊಟ್ಟು, ಮೂರು ಗಂಟೆ ನನ್ನ ಹಿಂದೆ ಮುಂದೆ ಓಡಾಡಿದರು. ನೀರು ಕುಡಿಯಲು ಎದ್ದರೆ "ಕೂತ್ಕೋ! ಪರೀಕ್ಷೆ ಹಾಲಲ್ಲಿ ಹೀಗೆ ಏಳ್ಲಿಕ್ಕೆ ಬಿಡ್ತಾರಾ?" ಎಂದು ಗದರಿದರು. ಆ ದಿನ ನಾನು ಬರೆದ ಉತ್ತರ ಎಷ್ಟು ಚೆನ್ನಾಗಿತ್ತೆಂದರೆ ನನಗೇ ಆಶ್ಚರ್ಯ. ನಿಜವಾದ ಪರೀಕ್ಷೆಯ ದಿನ ಅದರಲ್ಲಿ ಅರ್ಧವೂ ನೆನಪಾಗಲಿಲ್ಲ. ನನ್ನ ಬುದ್ಧಿಯ ಒಳ್ಳೆಯ ದಿನವೊಂದನ್ನು ಮಾವ ಬೀಗ ಹಾಕಿದ ಸ್ಕೂಲಿನೆದುರು ಹಾಳು ಮಾಡಿದರು ಎಂಬ ಸಿಟ್ಟು ನನಗೆ ಇವತ್ತಿಗೂ ಇದೆ.

ಆದರೆ ಎನ್.ಆರ್.ಪುರದ ಮುದುಕರ ಪ್ರಕರಣದ ಮುಂದೆ ಇದೇನೂ ಅಲ್ಲ. ಅವರು ಮಾವನಿಗೆ ದೂರದ ನೆಂಟರು. ಕಾಯಿಲೆ ಜೋರಾಗಿದೆ, ಇವತ್ತೋ ನಾಳೆಯೋ ಎಂದು ಸುದ್ದಿ ಬಂತು. ಮಾವನಿಗೆ ಚಿಂತೆ ಹತ್ತಿತು. ಅಂಥಾ ಹೊತ್ತಿನಲ್ಲಿ ಹೋಗಿ ಮನೆ ಹುಡುಕುತ್ತ ನಿಂತರೆ ಏನು ಚೆಂದ? ಸಮಾಧಾನದ ಮಾತು ತಡವರಿಸಿದರೆ? ಸರಿ, ಮೊದಲೇ ಒಂದು ಸಲ ಹೋಗಿ, ಮನೆ ಗುರುತು ಹಿಡಿದು, ಬೇಲಿಯ ಹತ್ತಿರ ನಿಂತು ಮೆಲ್ಲಗೆ ಶುರು ಮಾಡಿದರು: "ಏನು ಮಾಡೋದು, ಹಿರೀ ಜೀವ. ನಮ್ಮ ಕೈಯಲ್ಲಿ ಎಂತ ಉಂಟು? ಒಳ್ಳೇ ಸಾವು..."

"ಯಾರದ್ದೋ?" ಎಂದು ಬೇಲಿಯ ಆಚೆಯಿಂದ ಕೇಳಿಸಿತು. ಮುದುಕರು ಬಿಸಿಲು ಕಾಯಿಸುತ್ತ ಕೂತಿದ್ದರು!

ಅವರು ಅದಾದ ಮೇಲೆ ಹನ್ನೊಂದು ವರ್ಷ ಬದುಕಿದರು. ಹಟಕ್ಕೇ ಬದುಕಿದರೆಂದು ನನ್ನ ನಂಬಿಕೆ. ಯಾವ ಮದುವೆ ಮುಂಜಿಯಲ್ಲಿ ಮಾವ ಕಂಡರೂ ಪಂಕ್ತಿಯ ಆ ತುದಿಯಿಂದಲೇ, "ಎಂತ ಮೇಷ್ಟ್ರೇ, ಟ್ರಯಲಿಗೆ ಬಂದ್ರಾ?" ಎಂದು ಕೂಗುತ್ತಿದ್ದರು. ನಾವು ತಲೆ ತಗ್ಗಿಸಿ ಊಟ ಮಾಡುತ್ತಿದ್ದೆವು.

ಇದನ್ನೆಲ್ಲ ದಿನಾ ಸಹಿಸಿಕೊಂಡವಳು ಅತ್ತೆ. ಯಾರಾದರೂ ಊಟಕ್ಕೆ ಬರುತ್ತಾರೆ ಎಂದರೆ ಮೂರು ದಿನ ಮೊದಲೇ ಮನೆಯಲ್ಲಿ ಅದೇ ಅಡಿಗೆ. ನೆಂಟರು ಹೋಳಿಗೆ ತಿನ್ನುವ ದಿನ ಇವರಿಬ್ಬರೂ ಹೋಳಿಗೆಯ ಮುಖ ನೋಡಲಾಗದೆ ಗಂಜಿ ಕುಡಿಯುವುದು! "ಇವರನ್ನು ಕಟ್ಕೊಂಡು ಸಾಕಾಯ್ತು ಮಾಣಿ" ಎಂದು ಅತ್ತೆ ನನ್ನ ಹತ್ತಿರ ಹೇಳದ ದಿನವಿಲ್ಲ.

ಅದೇ ಅತ್ತೆ ಒಂದು ವರ್ಷ ಸಾರಿಗೆ ಎರಡೆರಡು ಸಲ ಉಪ್ಪು ಹಾಕತೊಡಗಿದಳು. ಅಕ್ಕಿಯಲ್ಲಿ ಕಲ್ಲು ಉಳಿಯತೊಡಗಿತು. ಎದುರಿಗೆ ನಿಂತ ನನ್ನನ್ನು ದನಿಯಿಂದ ಗುರುತಿಸುವ ಹಾಗಾಯಿತು. ಅವಳ ಎಡಗಣ್ಣು ಚಿಕ್ಕಂದಿನಲ್ಲೇ ಕಡ್ಡಿ ತಾಗಿ ಹೋದದ್ದು. ಈಗ ಬಲಗಣ್ಣಿಗೂ ಪೊರೆ. ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆವು. ಆಗೆಲ್ಲ ಈಗಿನ ಹಾಗೆ ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರುವ ಆಪರೇಷನ್ನಲ್ಲ. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ ಎಂಟು ದಿನ ಅಂಗಾತ ಮಲಗಿಸುತ್ತಿದ್ದರು. ತಲೆ ಆಚೀಚೆ ಆಡಿಸುವಂತಿಲ್ಲ. ಡಾಕ್ಟರು ಎಲ್ಲ ವಿವರಿಸಿದ ಮೇಲೆ ಮಾವ ಅಂಗಿಯ ಗುಂಡಿ ತಿರುವುತ್ತ ಕೇಳಿಯೇಬಿಟ್ಟರು: "ಡಾಕ್ಟ್ರೇ, ಇದಕ್ಕೆ ಒಂದು ಟ್ರಯಲ್ಲು..."

ನನಗೆ ನಾಚಿಕೆಯಿಂದ ನೆಲ ಬಿರಿಯಬಾರದೇ ಎನ್ನಿಸಿತು. ಡಾಕ್ಟರು ನಗಲಿಲ್ಲ. "ಇದಕ್ಕೆ ಟ್ರಯಲ್ ಇಲ್ಲ ಮೇಷ್ಟ್ರೇ. ಇರೋದು ಒಂದೇ ಕಣ್ಣು" ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ಮಾವ ಆ ಶಬ್ದ ಎತ್ತಲಿಲ್ಲ. ಅತ್ತೆ ಮಾತ್ರ ಮನೆಗೆ ಬಂದದ್ದೇ, "ನಂಗೆ ಆಪ್ರೇಶನ್ ಬೇಡ. ಇದೂ ಹೋದ್ರೆ? ಕಂಡಷ್ಟು ದಿನ ಕಾಣ್ಲಿ" ಎಂದು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಳು. ಅಪ್ಪ ಹೇಳಿದರು, ನಾನು ಹೇಳಿದೆ. ಅವಳು ಜಪ್ಪಯ್ಯ ಎನ್ನಲಿಲ್ಲ. ಇನ್ನು ಮೂರು ತಿಂಗಳು ತಡೆದರೆ ಕಷ್ಟ ಎಂದು ಡಾಕ್ಟರು ಹೇಳಿದ್ದರು. ಅದರಲ್ಲಿ ಒಂದು ತಿಂಗಳು ಹಾಗೇ ಕಳೆಯಿತು.

ಇನ್ನೊಮ್ಮೆ ಹೇಳಿ ನೋಡೋಣ ಎಂದು ಒಂದು ಶನಿವಾರ ಮಧ್ಯಾಹ್ನ ಕೊಪ್ಪಕ್ಕೆ ಹೋದೆ. ಬಾಗಿಲು ತೆರೆದೇ ಇತ್ತು. ಒಳಗೆ ನೋಡಿದರೆ ಮಂಚದ ಮೇಲೆ ಮಾವ ಅಂಗಾತ ಮಲಗಿದ್ದಾರೆ! ಎರಡೂ ಕಣ್ಣಿಗೆ ದಪ್ಪ ಹತ್ತಿ, ಅದರ ಮೇಲೆ ಬಟ್ಟೆಯ ಪಟ್ಟಿ, ತಲೆ ಅಲ್ಲಾಡದ ಹಾಗೆ ಆಚೆಗೊಂದು ಈಚೆಗೊಂದು ಮರಳಿನ ಚೀಲ. ನನಗೆ ಮೈಯೆಲ್ಲ ಉರಿದುಹೋಯಿತು. ಅತ್ತೆ ಅಲ್ಲಿ ಕಣ್ಣು ಕಳೆದುಕೊಳ್ಳುತ್ತಿದ್ದಾಳೆ, ಇವರಿಗೆ ಇಲ್ಲಿ ಆಟ!

"ಎಂತ ಅವತಾರ ಇದು?" ಎಂದು ಕೂಗಿದೆ.

ಮಾವ ಬೆಚ್ಚಿಬಿದ್ದರು. "ಯಾರು ಅಂತ ಮೊದ್ಲು ಹೇಳ್ಬೇಕು ಮಾರಾಯ! ಸುಮ್ನೆ ಬಂದು ಕೂಗಿದ್ರೆ ಎದೆ ಹೊಡ್ಕೊಳ್ತದೆ. ಅದನ್ನ ಬರ್ಕೋ. ಅಲ್ಲೇ ಸ್ಟೂಲಿನ ಮೇಲೆ ಪುಸ್ತಕ ಉಂಟು."

ಗುರುವಾರ ಬೆಳಿಗ್ಗೆಯಿಂದ ಹಾಗೇ ಮಲಗಿದ್ದರಂತೆ. ಊಟ ತಿಂಡಿ ಎಲ್ಲ ಅತ್ತೆಯೇ ತಡಕಾಡಿ ಬಾಯಿಗೆ ಹಾಕುವುದು. ಹೆಡ್ಮಾಸ್ಟರು ಈ ಸಲ ಒಂದೇ ಮಾತಿಗೆ ರಜೆ ಕೊಟ್ಟಿದ್ದರು. ನಾನು ಹಲ್ಲು ಕಚ್ಚಿಕೊಂಡು ಪೆನ್ಸಿಲ್ ಹಿಡಿದೆ.

"ನೀರಿನ ಲೋಟ ಕೈಗೆ ಕೊಟ್ರೆ ಸಾಲ್ದು, ತುಟಿಗೆ ಹಿಡೀಬೇಕು. ಬರೆದ್ಯಾ? ಸೊಂಟದ ಕೆಳಗೆ ಮಡಚಿದ ಬಟ್ಟೆ ಇಡ್ಬೇಕು. ಎರಡ್ನೇ ದಿನ ನೋವು ಜಾಸ್ತಿ, ಮೂರ್ನೇ ದಿನ ಅಷ್ಟಿಲ್ಲ ಅಂತ ಅವಳಿಗೆ ಮೊದ್ಲೇ ಹೇಳ್ಬೇಕು. ಗಂಟೆ ಎಷ್ಟು ಅಂತ ಕೇಳ್ದೆ ಇದ್ರೂ ಹೇಳ್ತಾ ಇರ್ಬೇಕು. ಹೊತ್ತೇ ಹೋಗೋದಿಲ್ಲ ಮಾರಾಯ." ಆಮೇಲೆ ದನಿ ತಗ್ಗಿಸಿ, "ಅತ್ತೆ ಇಲ್ಲೆಲ್ಲಾದ್ರೂ ಇದ್ದಾಳಾ?" ಎಂದು ಕೇಳಿದರು.

ಅತ್ತೆ ಅಡಿಗೆಮನೆಯ ಬಾಗಿಲಲ್ಲಿ ಕಾಫಿಯ ಲೋಟ ಹಿಡಿದು ನಿಂತಿದ್ದಳು. ನನ್ನ ಕಡೆ ತಿರುಗಿ, ಬೇಡ ಎಂಬಂತೆ ತಲೆಯಾಡಿಸಿದಳು.

"ಇಲ್ಲ" ಎಂದೆ.

"ಹಾಗಾದ್ರೆ ಇದನ್ನೂ ಬರಿ. ಹೆದರಿಕೆ ಆಗ್ತದೆ. ಬಿಚ್ಚಿದ ಮೇಲೆ ಕಾಣದೇ ಇದ್ರೆ ಅಂತ ನಂಗೇ ಹೆದರಿಕೆ ಆಯ್ತು, ನನ್ನ ಕಣ್ಣು ಸರಿ ಉಂಟು ಅಂತ ಗೊತ್ತಿದ್ದೂ. ಅವಳಿಗೆ ಎಷ್ಟಾಗ್ಬೇಡ? ಎಂಟೂ ದಿನ ಯಾರಾದ್ರೂ ಕೈ ಹಿಡ್ಕೊಂಡೇ ಇರ್ಬೇಕು ಮಾರಾಯ. ಅವಳಿಗೆ ಹೇಳ್ಬೇಡ."

ನನಗೆ ಬರೆಯಲಾಗಲಿಲ್ಲ. ಇಷ್ಟು ವರ್ಷ ಈ ಮನುಷ್ಯನನ್ನು ಬೈದುಕೊಂಡ ನನ್ನ ಬಾಯಿಗೆ ಮಣ್ಣು ಹಾಕಬೇಕು ಅನ್ನಿಸಿತು.

ಅತ್ತೆ ಗೋಡೆ ಹಿಡಿದುಕೊಂಡು ಮೆಲ್ಲಗೆ ಮಂಚದ ಹತ್ತಿರ ಬಂದಳು. "ನಾನು" ಎಂದಳು. ಮಾವ ಗಡಬಡಿಸಿ ಪಟ್ಟಿ ಬಿಚ್ಚಲು ಕೈಯೆತ್ತಿದರು. ಅವಳು ಆ ಕೈಯನ್ನು ಹುಡುಕಿ ಹಿಡಿದುಕೊಂಡು ಪಕ್ಕದಲ್ಲಿ ಕೂತಳು.

"ಡಾಕ್ಟ್ರು ಎಂಟು ದಿನ ಅಂದಿದ್ದು. ಇವತ್ತಿಗೆ ಮೂರೇ ಆಯ್ತು. ನೀವು ಮಲ್ಕೊಳ್ಳಿ, ನಾನು ಹಿಡ್ಕೊಂಡಿದ್ದೇನೆ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಮಾಣಿ, ಶಿವಮೊಗ್ಗಕ್ಕೆ ಕಾಗದ ಬರಿ. ಮುಂದಿನ ವಾರ ಬರ್ತೇವೆ ಅಂತ" ಎಂದಳು.